ಪುಕ್ಕಲ ಡೊಮೆಂಟಿ ಫೌಜುದಾರನಾದದ್ದು

ನಮ್ಮ ನಾಟಕ ಕಂಪನಿಯ ಡೊಮೆಂಟಿ ಕುಪ್ರಾಶ್ವಿಲಿಯಷ್ಟು ಹೆದರುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ನಾಯಿಗೆ ಹೆದರುತ್ತಿದ್ದ, ಗುಡುಗಿಗೆ ಹೆದರುತ್ತಿದ್ದ. ಸರ್ಕಾರಿ ಟೋಪಿ ಹಾಕಿದವರು ಎದುರಿಗೆ ಬಂದರೆ, ಅಂಚೆಯವನೇ ಆಗಿದ್ದರೂ ಸರಿ, ರಸ್ತೆಯ ಆಚೆ ಬದಿಗೆ ಸರಿದುಬಿಡುತ್ತಿದ್ದ. ಹೆದರಿಕೆ ಹೆಚ್ಚಾದರೆ ಬಿಕ್ಕಳಿಕೆ ಶುರುವಾಗುತ್ತಿತ್ತು. ನೀರು ಕುಡಿದರೂ ನಿಲ್ಲದು, ಬೆನ್ನಿಗೆ ಗುದ್ದಿದರೂ ನಿಲ್ಲದು.

ಅದು ಎಲ್ಲಿಂದ ಬಂತು ಎಂಬುದನ್ನು ಅವನ ತಾಯಿ ನನಗೆ ಒಮ್ಮೆ ಹೇಳಿದ್ದಳು. ಅವನ ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದವನು. ಡೊಮೆಂಟಿಗೆ ಇನ್ನೂ ಐದು ತುಂಬಿರಲಿಲ್ಲ. ಎಲ್ಲರೂ ಬೆಳಗಿನ ಗಂಜಿಗೆ ಕುಳಿತಿದ್ದಾಗ ತೊಗಲಿನ ಕೋಟು ತೊಟ್ಟ ಇಬ್ಬರು ಗುಪ್ತ ಪೊಲೀಸರು ಬಂದು, "ಎರಡು ಮಾತು ಕೇಳೋದಿದೆ, ಬನ್ನಿ" ಎಂದು ಅಪ್ಪನನ್ನು ಕರೆದುಕೊಂಡು ಹೋದರು. ಆತ ತಿರುಗಿ ಬರಲಿಲ್ಲ. ಹುಡುಗನಿಗೆ ಅಂದು ಹಿಡಿದ ಬಿಕ್ಕಳಿಕೆ ಸಂಜೆಯವರೆಗೂ ಬಿಡಲಿಲ್ಲವಂತೆ. ಡೊಮೆಂಟಿ ಮಾತ್ರ ಇದನ್ನು ಯಾರ ಮುಂದೆಯೂ ಆಡಿದವನಲ್ಲ.

ನಾನೂ ಅವನೂ ಒಂದೇ ವರ್ಷ ಕಂಪನಿ ಸೇರಿದವರು. ನಾನು ನಟಿಯಾಗಿ ಸೇರಿದೆ, ಅವನು ಬಡಗಿಯ ಕೈಕೆಳಗಿನವನಾಗಿ. ಒಂದು ಸಂಜೆ ಆಳಿನ ಪಾತ್ರದವನು ಕುಡಿದು ಬಿದ್ದಿದ್ದ. ಡೊಮೆಂಟಿಯ ತಲೆಗೆ ಟೋಪಿ ಇಟ್ಟು, ಕಂಕುಳಿಗೆ ಜೀವಂತ ಹೆಬ್ಬಾತು ಸಿಕ್ಕಿಸಿ ರಂಗಕ್ಕೆ ನೂಕಿದರು. ಬಾತು ಅವನ ಕಿವಿ ಕಚ್ಚಿತು. ಅವನು ಬಿಕ್ಕಳಿಸಿದ. ಬಾತು ಕೂಗಿತು, ಅವನು ಮತ್ತೆ ಬಿಕ್ಕಳಿಸಿ ಮೇಜಿನ ಕೆಳಗೆ ನುಸುಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದಾದ ಮೇಲೆ ಅವನನ್ನು ಬಡಗಿಯ ಹತ್ತಿರ ಯಾರೂ ಕಳಿಸಲಿಲ್ಲ. ಮಂಚದ ಕೆಳಗೆ ಅಡಗುವ ಮದುಮಗ, ಹೆಂಡತಿಗೆ ನಡುಗುವ ಗುಮಾಸ್ತ, ದೆವ್ವ ಕಂಡ ಪಾದ್ರಿ, ಇವೇ ಅವನ ಪಾತ್ರಗಳು. ಊರೆಲ್ಲ ಅವನನ್ನು ದೊಡ್ಡ ಕಲಾವಿದ ಎಂದಿತು. ಅವನು ನಿಜಕ್ಕೂ ಹೆದರುತ್ತಿದ್ದಾನೆ ಎಂಬುದು ಅವನ ಹೆಂಡತಿ ಲಮಾರಾಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

ಆಮೇಲೆ ಆ ಕೆಟ್ಟ ಚಳಿಗಾಲ ಬಂತು. ಹಳೆಯ ದೊಡ್ಡ ದೇಶ ಒಡೆದು ನಮ್ಮದು ಬೇರೆಯಾಗಿ, ರಾಜಧಾನಿಯಲ್ಲಿ ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಿ, ಊರೂರಿಗೂ ಒಬ್ಬೊಬ್ಬ ಬಂದೂಕಿನ ದಂಡನಾಯಕ ಹುಟ್ಟಿಕೊಂಡ ಕಾಲ. ಕರೆಂಟಿಲ್ಲ, ಗ್ಯಾಸಿಲ್ಲ. ಬ್ರೆಡ್ಡಿಗೆ ಬೆಳಕು ಹರಿಯುವ ಮೊದಲೇ ಸಾಲು. ನಮ್ಮೂರ ರಿಯೋನಿ ಹೊಳೆಯ ಈಚೆ ದಡ ಬಾದ್ರಿಯ ಕೈಯಲ್ಲಿತ್ತು, ಆಚೆ ದಡ ಅವನ ಶತ್ರು ರಮಾಜನ ಕೈಯಲ್ಲಿ. ಬಾದ್ರಿ ಹಿಂದೆ ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದವನು. ಜನ ಆಗಲೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು, ದನಿ ಮಾತ್ರ ತಗ್ಗಿಸುತ್ತಿದ್ದರು. ಅವನ ಹುಡುಗರು ಅಗ್ನಿಶಾಮಕದ ಕಟ್ಟಡದಲ್ಲಿ ಬಿಡಾರ ಹೂಡಿದ್ದರು. ಕಾರು, ದನ, ಡೀಸೆಲ್, ಬೇಕಾದದ್ದನ್ನು ಬೇಕಾದವರ ಅಂಗಳದಿಂದ ಎತ್ತಿಕೊಂಡು ಹೋಗುತ್ತಿದ್ದರು.

ನಮ್ಮ ಕಂಪನಿಯ ನಿರ್ದೇಶಕಿ ನಾಜಿಬ್ರೋಲಾ. ಗಂಡಸರ ಓವರ್‌ಕೋಟು ತೊಟ್ಟು ಸಿಗರೇಟು ಸೇದುವ ಹೆಂಗಸು, ಹೇಳಿದ್ದನ್ನು ಬಿಡುವವಳಲ್ಲ. ಒಂದು ದಿನ ನಮ್ಮನ್ನೆಲ್ಲ ಒಲೆಯ ಸುತ್ತ ಕೂರಿಸಿ ಹೇಳಿದಳು: "ಈ ಊರು ನಕ್ಕು ಎಷ್ಟು ಕಾಲ ಆಯ್ತು ನೋಡಿ. ಬೆಳ್ಳಿ ಹೂಜಿ ಎತ್ಕೊಳ್ಳೋಣ."

'ಬೆಳ್ಳಿ ಹೂಜಿ' ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ನೂರು ವರ್ಷದ ಹಿಂದಿನ ಪ್ರಹಸನ. ದಿವಾಳಿಯಾದ ದೊಡ್ಡ ಮನೆತನಗಳು, ವರ ನೋಡಲು ಬಂದಾಗ ಮಾನ ಉಳಿಸಿಕೊಳ್ಳಲು ಒಬ್ಬ ಮುದುಕಿಯಿಂದ ಒಂದೇ ಬೆಳ್ಳಿ ಹೂಜಿಯನ್ನು ಬಾಡಿಗೆಗೆ ತರುತ್ತವೆ. ವರ ಮಹಾಶಯ ಹೋದ ಮನೆಯಲ್ಲೆಲ್ಲ ಅದೇ ಹೂಜಿಯಿಂದ ವೈನು ಕುಡಿದು ಕಕ್ಕಾಬಿಕ್ಕಿಯಾಗುತ್ತಾನೆ. ಕೊನೆಗೆ ಫೌಜುದಾರ ಬರುತ್ತಾನೆ. ಹೊಟ್ಟೆ, ಮೀಸೆ, ಕತ್ತಿ. ಹೂಜಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಮಾತು ಹೇಳುತ್ತಾನೆ: "ಕಿತ್ಕೊಂಡು ಹೋಗ್ತಿಲ್ಲ ತಾಯಿ, ಕಾಪಾಡೋಕೆ ತಗೊಂಡು ಹೋಗ್ತಿದೀನಿ." ಊರಲ್ಲಿ ಅದು ಗಾದೆಯೇ ಆಗಿತ್ತು. ಅಜ್ಜಿ ಮೊಮ್ಮಗನ ಕೈಯಿಂದ ಮಿಠಾಯಿ ಕಿತ್ತುಕೊಳ್ಳುವಾಗಲೂ ಅದನ್ನೇ ಅನ್ನುತ್ತಿದ್ದಳು.

ಮುದುಕಿಯ ಪಾತ್ರ ನನಗೆ ಬಂತು. ಫೌಜುದಾರನ ಪಾತ್ರಕ್ಕೆ ಜನ ಇರಲಿಲ್ಲ. ಆ ಪಾತ್ರಕ್ಕೆಂದೇ ಹುಟ್ಟಿದ್ದ ದಡೂತಿ ಶಾಲ್ವಾ ಮಗಳ ಊರಿಗೆ ವಲಸೆ ಹೋಗಿದ್ದ. ನಾಜಿಬ್ರೋಲಾ ಒಲೆಯ ಸುತ್ತ ಕಣ್ಣಾಡಿಸಿ ಡೊಮೆಂಟಿಯ ಮೇಲೆ ನಿಲ್ಲಿಸಿದಳು.

"ನಾನಾ?" ಎಂದ ಅವನು. "ನನ್ನ ಕಂಡ್ರೆ ಕೋಳಿಮರಿನೂ ಹೆದರಲ್ಲ."

"ಹೊಟ್ಟೆಗೆ ದಿಂಬು ಕಟ್ತೀವಿ. ಮೀಸೆ ಅಂಟಿಸ್ತೀವಿ. ಕೂಗೋದು ಒಂದು ಕಲ್ತ್ಕೊ."

"ಕೂಗಿದ್ರೆ ನನಗೇ ಬೆಚ್ಚಿಬೀಳೋ ಹಾಗಾಗತ್ತೆ, ನಾಜಿ."

"ಬೆಚ್ಚಿಬೀಳು. ಆಮೇಲೆ ಇನ್ನೊಂದ್ಸಲ ಕೂಗು."

ತಾಲೀಮು ಶುರುವಾಯಿತು. ದೀಪವಿಲ್ಲದ್ದರಿಂದ ಆಟ ಹಗಲು ಹೊತ್ತಿನಲ್ಲೇ ನಡೆಯಬೇಕು, ಮೇಲಿನ ಕಿಟಕಿಗಳ ಪರದೆ ಕಿತ್ತರೆ ರಂಗಕ್ಕೆ ಬೆಳಕು ಸಾಕು. ಟಿಕೆಟ್ಟಿಗೆ ದುಡ್ಡಿಲ್ಲ, ತಲೆಗೊಂದು ಸೌದೆ ತಂದರಾಯಿತು ಎಂದು ಸಾರಿದೆವು. ಮೊದಲ ಆಟದ ಭಾನುವಾರ ಜನ ಕಂಕುಳಲ್ಲಿ ಕಟ್ಟಿಗೆ ಇಟ್ಟುಕೊಂಡು ಬಂದರು. ಮುರಿದ ಕುರ್ಚಿಯ ಕಾಲು ತಂದವರಿದ್ದರು, ಬೇಲಿಯ ಗೂಟ ತಂದವರಿದ್ದರು. ಕೋಟು ಟೋಪಿ ತೆಗೆಯದೆ ಬಾಯಲ್ಲಿ ಹಬೆ ಬಿಡುತ್ತ ಕುಳಿತರು. ನಕ್ಕರು ಕೂಡ. ಮೊದಮೊದಲು ಮರೆತವರ ಹಾಗೆ ತಡೆದು ತಡೆದು, ಆಮೇಲೆ ಬಿಡುಬೀಸಾಗಿ.

ಡೊಮೆಂಟಿ ಫೌಜುದಾರನಾಗಿ ಬಂದ. ದಿಂಬು ಸ್ವಲ್ಪ ಓರೆಯಾಗಿತ್ತು. ಹೂಜಿ ಎತ್ತಿ ಕಂಕುಳಿಗೆ ಸೇರಿಸಿ, "ಕಿತ್ಕೊಂಡು ಹೋಗ್ತಿಲ್ಲ ತಾಯಿ" ಎಂದ. ಜನ ಒಂದು ಗಳಿಗೆ ಉಸಿರು ಬಿಡಲಿಲ್ಲ. ಹಿಂದಿನ ವಾರವಷ್ಟೇ ಬಾದ್ರಿಯ ಹುಡುಗರು ಹಲ್ಲಿನ ಡಾಕ್ಟರು ಇಪ್ಪೊಲಿಟೆಯ ಬಿಳಿ ಕಾರನ್ನು ಒಯ್ದಿದ್ದರು. ಒಯ್ಯುವಾಗ ಅವರಲ್ಲೊಬ್ಬ ನಗುತ್ತ ಇದೇ ಮಾತು ಹೇಳಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ಸಾಲಿನಿಂದ ಯಾರೋ, "ಇಪ್ಪೊಲಿಟೆ, ನಿನ್ನ ಕಾರು ಕ್ಷೇಮವಾ?" ಎಂದು ಕೇಳಿದರು. ಸಭೆಯೆಲ್ಲ ಒಟ್ಟಿಗೆ ಸ್ಫೋಟಿಸಿದ ಹಾಗೆ ನಕ್ಕಿತು. ಕುರ್ಚಿಗಳು ಕಿರುಗುಟ್ಟಿದವು. ಮರುಗಳಿಗೆಯಲ್ಲೇ ಯಾರೋ ಬಾಯಿ ಮುಚ್ಚಿದಂತೆ ನಗು ಕತ್ತರಿಸಿ ಬಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಕೇಳಿಸಿಕೊಂಡರು, ಯಾರು ಹೋಗಿ ಹೇಳುತ್ತಾರೆ ಎಂಬುದೇ ಎಲ್ಲರ ಕಣ್ಣಲ್ಲೂ. ಆಮೇಲಿನ ದೃಶ್ಯಕ್ಕೆ ಯಾರೂ ನಗಲಿಲ್ಲ. ಮುಗಿದ ಮೇಲೆ ಚಪ್ಪಾಳೆ ತಟ್ಟಿ ಸರಸರನೆ ಮನೆಗೆ ಹೋದರು.

ವಾರದ ನಡುವೆ ಬಂದೂಕಿನ ಒಬ್ಬ ಹುಡುಗ ನಮ್ಮ ಬಾಗಿಲಿಗೆ ಬಂದ. ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗುಳುತ್ತ ಹೇಳಿದ: "ಈ ಭಾನುವಾರ ಮೇಷ್ಟ್ರು ನಾಟಕಕ್ಕೆ ಬರ್ತಾರೆ. ಮುಂದಿನ ಸಾಲು ಖಾಲಿ ಇಡ್ಬೇಕಂತೆ."

"ಬರಲಿ, ಸಂತೋಷ," ಎಂದಳು ನಾಜಿಬ್ರೋಲಾ. ಅವಳ ಸಿಗರೇಟಿನ ಬೂದಿ ಕೋಟಿನ ಮೇಲೆ ಬಿತ್ತು. ಅವಳು ಅದನ್ನು ಗಮನಿಸಲಿಲ್ಲ.

ಆ ದಿನ ನಾವು ಒಲೆಯ ಸುತ್ತ ಕೂತು ಜಗಳವಾಡಿದೆವು. ಆ ಮಾತನ್ನು ತೆಗೆದುಬಿಡೋಣ ಎಂದರು ಕೆಲವರು. ತೆಗೆದರೆ ಯಾಕೆ ತೆಗೆದರು ಅಂತ ಕೇಳುವುದಿಲ್ಲವೇ, ಊರಿಗೆಲ್ಲ ಬಾಯಿಪಾಠವಿರುವ ಮಾತು, ಎಂದೆ ನಾನು. ಆಟವನ್ನೇ ನಿಲ್ಲಿಸೋಣ ಎಂದಳು ಮದುಮಗಳ ಪಾತ್ರದವಳು.

"ಮುಂದಿನ ಸಾಲು ಇಡಿ ಅಂದ ಮೇಲೆ ನಿಲ್ಲಿಸೋ ಹಾಗಿಲ್ಲ," ಎಂದಳು ನಾಜಿಬ್ರೋಲಾ. "ಡೊಮೆ, ನೀನೇನಂತೀಯ?"

ಡೊಮೆಂಟಿ ಬಿಕ್ಕಳಿಸಿದ. ಅದಕ್ಕೆ ಯಾರೂ ನಗಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಓಡಿಹೋದ. ಲಮಾರಾಳೇ ಕಳಿಸಿದ್ದು. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಅವಳ ತಂಗಿಯಿದ್ದಳು. ಜೋಳದ ರೊಟ್ಟಿ, ಗಿಣ್ಣು, ಒಂದು ಜೊತೆ ಕಾಲುಚೀಲ ಕಟ್ಟಿಕೊಟ್ಟು ಹಿತ್ತಿಲ ಬಾಗಿಲಿನಿಂದ ಕಳಿಸಿದಳು. ಬಸ್ಸುಗಳಿರಲಿಲ್ಲ, ಅವನು ನಡೆದೇ ಹೊರಟ. ದ್ರಾಕ್ಷಿ ತೋಟಗಳ ಹತ್ತಿರ ರಸ್ತೆಗೆ ಅಡ್ಡ ಮರದ ದಿಮ್ಮಿ. ಬಂದೂಕಿನ ಇಬ್ಬರು ಬೆಂಕಿ ಕಾಯಿಸುತ್ತ ಕೂತಿದ್ದರು. ಹಿಂತಿರುಗಿದರೆ ಗುಂಡು ಹಾರಿಸುತ್ತಾರೆ, ಮುಂದೆ ಹೋದರೆ ಹಿಡಿಯುತ್ತಾರೆ. ಕಾಲು ತಾನಾಗಿ ಮುಂದಕ್ಕೆ ಹೋಯಿತು ಎಂದು ಆಮೇಲೆ ನನಗೆ ಹೇಳಿದ.

ಒಬ್ಬ ಎದ್ದು ಬಂದೂಕು ನೇರ ಮಾಡಿದವನು, ಹತ್ತಿರ ಬಂದು ಮುಖ ನೋಡಿ ಬಾಯಿ ಬಿಟ್ಟ. "ಲೋ, ಇವ್ರು ಡೊಮೆಂಟಿ ಕಣೋ. ಬಾತುಕೋಳಿ ಡೊಮೆಂಟಿ. ಚಿಕ್ಕವನಿದ್ದಾಗ ನಮ್ಮಮ್ಮ ಕರ್ಕೊಂಡು ಹೋಗ್ತಿದ್ಲು."

"ನಾಳೆ ಮೇಷ್ಟ್ರ ಮುಂದೆ ಆಟ ಇಟ್ಕೊಂಡು ಇವತ್ತು ಈ ಕಡೆ ಎಲ್ಲಿಗೆ ಅಜ್ಜಾ?" ಎಂದ ಇನ್ನೊಬ್ಬ.

ಡೊಮೆಂಟಿಗೆ ಸುಳ್ಳು ಹೊಳೆಯಲಿಲ್ಲ. ಬಿಕ್ಕಳಿಕೆ ಬಂತು. ಇಬ್ಬರೂ ಬಿದ್ದು ಬಿದ್ದು ನಕ್ಕರು. "ನೋಡೋ, ರಸ್ತೆಯಲ್ಲೂ ಆಡಿ ತೋರಿಸ್ತಾರೆ." ಈ ಚಳಿಯಲ್ಲಿ ಕಲಾವಿದರು ನಡೆಯುವುದೇ, ಗಂಟಲು ಕಟ್ಟಿದರೆ ಮೇಷ್ಟ್ರು ನಮ್ಮನ್ನು ಬಿಟ್ಟಾರೆಯೇ ಎಂದು ಅವನನ್ನು ಕಾರಿಗೆ ಹತ್ತಿಸಿ ಮನೆ ಬಾಗಿಲಿಗೆ ತಂದು ಬಿಟ್ಟರು. ಅದು ಇಪ್ಪೊಲಿಟೆಯ ಬಿಳಿ ಕಾರು. ಹಿಂದಿನ ಸೀಟಿನಲ್ಲಿ ಡಾಕ್ಟರ ಹೆಂಡತಿ ಹೆಣೆದ ಉಣ್ಣೆಯ ದಿಂಬು ಇನ್ನೂ ಇತ್ತು. ಡೊಮೆಂಟಿ ದಾರಿಯುದ್ದಕ್ಕೂ ಆ ದಿಂಬಿಗೆ ಮೈ ತಾಗದಂತೆ ಮುದುರಿ ಕೂತಿದ್ದನಂತೆ. ಅವರು ಮನೆಯೊಳಗೆ ಬಂದು ಲಮಾರಾಳ ಕೈಯಿಂದ ಹುರುಳಿಕಾಯಿ ಸಾರು ಉಂಡು, "ನಾಳೆ ಬರ್ತೀವಿ ಅಮ್ಮಾ" ಎಂದು ಹೋದರು.

ಭಾನುವಾರ ಜನ ಕಿಕ್ಕಿರಿದು ಬಂದರು. ಬಾರದೆ ಮನೆಯಲ್ಲಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಿಯಾರು ಎಂಬ ಹೆದರಿಕೆಗೆ ಬಂದವರೇ ಹೆಚ್ಚು. ಬಾದ್ರಿ ತನ್ನ ಹುಡುಗರೊಂದಿಗೆ ಬಂದು ಮುಂದಿನ ಸಾಲಿನ ನಡುವೆ ಕೂತ. ಬಂದೂಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡ. ಕುಳ್ಳನೆಯ, ಗಟ್ಟಿ ಕುತ್ತಿಗೆಯ ಮನುಷ್ಯ. ನಮ್ಮ ಸೌದೆ ರಾಶಿಗೆ ಅವನ ಕಡೆಯಿಂದ ಒಂದು ಟೆಲಿಫೋನ್ ಕಂಬದ ತುಂಡು ಬಂದಿತ್ತು.

ಮೊದಲ ಅಂಕದಲ್ಲಿ ಯಾರೂ ನಗಲಿಲ್ಲ, ವರ ಬಂದು ಕಡುಬಿನ ತಟ್ಟೆಯ ಮೇಲೆ ಕೂತಾಗಲೂ. ಬಾದ್ರಿ ನಗಲಿ ಎಂದು ಎಲ್ಲರೂ ಕಾದರು. ಅವನ ಕುತ್ತಿಗೆಯ ಹಿಂಭಾಗವನ್ನೇ ಇಡೀ ಸಭೆ ನೋಡುತ್ತಿತ್ತು. ಅವನು ಗಲ್ಲಕ್ಕೆ ಕೈಕೊಟ್ಟು, ಪರೀಕ್ಷೆ ಬರೆಯುವ ಮಕ್ಕಳನ್ನು ಕಾಯುವ ಮೇಷ್ಟರಂತೆ ಕೂತಿದ್ದ. ನಗೆ ಬರಬೇಕಾದ ಕಡೆ ನಾವು ಅಭ್ಯಾಸಬಲದಿಂದ ಮಾತು ನಿಲ್ಲಿಸುತ್ತಿದ್ದೆವು. ಆ ಮೌನದಲ್ಲಿ ಒಲೆಯ ಕಟ್ಟಿಗೆ ಸಿಡಿಯುವುದು ಕೇಳಿಸುತ್ತಿತ್ತು.

ನಾನು ರಂಗದಿಂದ ಬಂದಾಗ ಪಕ್ಕದ ಪರದೆಯ ಹಿಂದೆ ಡೊಮೆಂಟಿ ನಿಂತಿದ್ದ. ಬಣ್ಣದ ಮೇಲೆ ಬೆವರು ಇಳಿದು ಮೀಸೆಯ ಅಂಟು ಬಿಡುತ್ತಿತ್ತು.

"ಏತೆರ್," ಎಂದ ನನಗೆ. "ನನಗೆ ನಾಲಿಗೆ ಇಲ್ಲದ ಹಾಗಾಗಿದೆ."

"ಹೋಗು," ಎಂದೆ. ಬೇರೆ ಏನು ಹೇಳಲಿ?

ಅವನು ರಂಗಕ್ಕೆ ಹೋದ, ಇನ್ನೊಂದು ಬದಿಯಿಂದ ನಾನೂ ಹೋದೆ. ಕೂಗಬೇಕಾದ ಕಡೆ ದನಿ ಸೀಳಿತು. ಕತ್ತಿ ಹಿಡಿಯಲು ಹೋದರೆ ಕೈಗೆ ದಿಂಬು ಸಿಕ್ಕಿತು. ಹೂಜಿಯನ್ನು ಕಂಕುಳಿಗೆ ಸೇರಿಸಿಕೊಂಡ, ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಇದ್ದದ್ದು ಹೆದರಿಕೆಯೇ, ಬೇರೇನಲ್ಲ. "ಕಿತ್ಕೊಂಡು... ಹಿಕ್. ಹೋಗ್ತಿಲ್ಲ ತಾಯಿ. ಕಾಪಾ... ಹಿಕ್. ಕಾಪಾಡೋಕೆ..." ಪ್ರತಿ ಬಿಕ್ಕಳಿಕೆಗೂ ಹೂಜಿಯೊಳಗೆ ಇಟ್ಟಿದ್ದ ಚಮಚ ಗಿಲಿಗಿಲಿ ಎಂದಿತು. ಕದ್ದವನೇ ಸಿಕ್ಕಿಬೀಳುವ ಭಯದಲ್ಲಿ ನಡುಗುತ್ತಿರುವಂತೆ ಇತ್ತು. ಶಾಲ್ವಾ ಈ ಪಾತ್ರವನ್ನು ಎಷ್ಟೋ ವರ್ಷ ಆಡಿದ್ದರೂ ಫೌಜುದಾರನನ್ನು ಹೀಗೆ ನಾವು ಯಾರೂ ನೋಡಿರಲಿಲ್ಲ.

ಸಭೆ ಕಲ್ಲಾಗಿತ್ತು. ಬಾದ್ರಿ ಮುಂದಕ್ಕೆ ಬಾಗಿದ. ಆಮೇಲೆ ತೊಡೆ ತಟ್ಟಿ ನಕ್ಕ. ದೊಡ್ಡ, ಬಿಚ್ಚು ನಗೆ. ಬಂದೂಕು ತೊಡೆಯಿಂದ ಜಾರಿ ದಡಾರೆಂದು ನೆಲಕ್ಕೆ ಬಿತ್ತು. ಆ ಸದ್ದಿಗೆ ಅರ್ಧ ಜನ ಕುರ್ಚಿಯಿಂದ ಕೆಳಗೆ ಬಾಗಿದರು, ಡೊಮೆಂಟಿ ನನ್ನ ಲಂಗದ ಹಿಂದೆ ಅಡಗಿದ. ಬಾದ್ರಿ ಇನ್ನೂ ಜೋರಾಗಿ ನಕ್ಕ, ಕಣ್ಣೀರು ಒರೆಸಿಕೊಂಡ. ಆಗ ಹುಡುಗರು ನಕ್ಕರು, ಅವರ ಹಿಂದೆ ಸಭೆಯೆಲ್ಲ ನಕ್ಕಿತು. ಅಂಥ ನಗೆಯನ್ನು ನಾನು ಮತ್ತೆ ಕೇಳಬಯಸುವುದಿಲ್ಲ. ಬಾಯಿ ಮಾತ್ರ ನಗುತ್ತಿತ್ತು.

ಪರದೆ ಬಿದ್ದ ಮೇಲೆ ಬಾದ್ರಿ ಬಣ್ಣದ ಕೋಣೆಗೆ ನುಗ್ಗಿ ಡೊಮೆಂಟಿಯನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ.

"ಅವನೇ. ಅಪ್ಪಟ ಅವನೇ," ಎಂದ.

"ಯಾರು ಮೇಷ್ಟ್ರೇ?" ಎಂದ ಡೊಮೆಂಟಿ.

"ಇನ್ಯಾರು? ಆಚೆ ದಡದ ರಮಾಜ. ಆ ಹೊಟ್ಟೆ, ಆ ಕಳ್ಳ ಕಣ್ಣು. ಬೇರೆಯವರದ್ದನ್ನ ಕಾಪಾಡ್ತೀನಿ ಅಂತ ಕಿತ್ಕೊಂಡು ತಿನ್ನೋ ಬೋಳಿಮಗ. ಒಳಗೊಳಗೆ ಪುಕ್ಕಲ, ಅದನ್ನೂ ಸರಿಯಾಗಿ ಹಿಡಿದಿದೀಯ. ಎಲ್ಲಿ ನೋಡ್ದೆ ಅವನನ್ನ?"

ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ನೋಡಿಕೊಂಡಿದ್ದರೆ ಏನಾಗುತ್ತಿತ್ತೋ. ಅವನ ಹುಡುಗರು ಅಂಗಳದಲ್ಲಿ ಮೇಜು ಜೋಡಿಸಿದರು. ಎಲ್ಲಿಂದಲೋ ಹಂದಿಮರಿ ಬಂತು, ವೈನಿನ ಪೀಪಾಯಿ ಬಂತು. ಬಾದ್ರಿಯೇ ಮೇಜಿನ ಯಜಮಾನನಾಗಿ ನಿಂತು, ನಮ್ಮ ಕಡೆಯ ಪದ್ಧತಿಯಂತೆ ಒಂದೊಂದು ಹೆಸರು ಹೇಳಿ ಬಟ್ಟಲೆತ್ತಿದ. ಮೊದಲು ದೇವರಿಗೆ, ಆಮೇಲೆ ನಾಡಿಗೆ, ಆಮೇಲೆ ಸತ್ತವರಿಗೆ, ಆಮೇಲೆ ಡೊಮೆಂಟಿಗೆ. ಡೊಮೆಂಟಿಗೆಂದು ಎತ್ತಿದಾಗ ಜೇಬಿನಿಂದ ಕಾರಿನ ಕೀಲಿ ತೆಗೆದು ಅವನ ತಟ್ಟೆಯಲ್ಲಿಟ್ಟ. "ನಿನ್ನಂಥ ಕಲಾವಿದ ನಡ್ಕೊಂಡು ಓಡಾಡೋದು ಈ ಊರಿಗೆ ಅವಮಾನ. ಇನ್ನೊಂದು. ಬರೋ ಭಾನುವಾರ ಈ ಆಟ ಆಚೆ ದಡದಲ್ಲಿ ಆಗ್ಬೇಕು. ಸೇತುವೆ ದಾಟಿಸೋ ಜವಾಬ್ದಾರಿ ನಂದು. ಆ ನಾಯಿ ಮುಂದಿನ ಸಾಲಲ್ಲಿ ಕೂತು ನೋಡ್ಬೇಕು."

ಇಪ್ಪೊಲಿಟೆ ಅದೇ ಮೇಜಿನ ತುದಿಯಲ್ಲಿ ಕೂತಿದ್ದ. ಕೀಲಿ ನೋಡಿದ. ಬಟ್ಟಲೆತ್ತಿ ಎಲ್ಲರ ಜೊತೆ ಕುಡಿದ.

ಮರುದಿನ ಡೊಮೆಂಟಿ ನನ್ನ ಮನೆಗೆ ಬಂದ. ಅವನಿಗೆ ಕಾರು ಓಡಿಸಲು ಬಾರದು, ತೀರಿಹೋದ ನನ್ನ ಗಂಡ ಡ್ರೈವರಾಗಿದ್ದವನು ನನಗೆ ಕಲಿಸಿದ್ದ. ಇಬ್ಬರೂ ಕಾರನ್ನು ಇಪ್ಪೊಲಿಟೆಯ ಅಂಗಳಕ್ಕೆ ಒಯ್ದೆವು. ಅವನು ಗೇಟು ತೆಗೆಯಲಿಲ್ಲ. ಬೇಲಿಯ ಸಂದಿಯಿಂದ ಪಿಸುಗುಟ್ಟಿದ: "ನಿಮಗೆ ಕೈ ಮುಗೀತೀನಿ, ತಗೊಂಡು ಹೋಗಿ. ಬಾದ್ರಿ ಕೊಟ್ಟಿದ್ದನ್ನ ನಾನು ವಾಪಸ್ ಇಸ್ಕೊಂಡೆ ಅಂತಾದ್ರೆ ನನ್ನ ಮನೆ ಉಳಿಯುತ್ತಾ?"

"ನಿಮ್ಮ ಕಾರಲ್ವಾ ಡಾಕ್ಟ್ರೇ," ಎಂದ ಡೊಮೆಂಟಿ.

"ನಂಗೆ ಕಾರೇ ಇರಲಿಲ್ಲ. ಹೋಗಿ."

ಕಾರನ್ನು ರಸ್ತೆಯಲ್ಲಿ ನಿಲ್ಲಿಸಿಕೊಂಡು ಕೂತೆವು. ಡೊಮೆಂಟಿ ಮಂಡಿಯ ಮೇಲೆ ಕೈಯಿಟ್ಟುಕೊಂಡಿದ್ದ. ಸೇತುವೆಯ ಆ ತುದಿಯಲ್ಲಿ ರಮಾಜನ ಮೆಷಿನ್‌ಗನ್ ಇತ್ತು, ಈ ತುದಿಯಲ್ಲಿ ಬಾದ್ರಿಯದು. ನಾಜಿಬ್ರೋಲಾ ಬೆಳಿಗ್ಗೆಯೇ ಹೇಳಿದ್ದಳು, ಆ ಸೇತುವೆಗೆ ಕಾಲಿಟ್ಟರೆ ನಮ್ಮಲ್ಲಿ ಅರ್ಧ ಜನ ಹೊಳೆಯಲ್ಲಿರುತ್ತಾರೆ ಎಂದು. ಆದರೆ ಬಾದ್ರಿಗೆ ಹೋಗಿ ಹೇಳುವವರು ಯಾರು?

"ನನ್ನ ಪಾತ್ರ ಇಷ್ಟ ಆಯ್ತು ಅಂದಿದಾನಲ್ಲ," ಎಂದ ಡೊಮೆಂಟಿ. "ನಾನೇ ಹೇಳ್ಬೇಕು. ಈಗ್ಲೇ ಕರ್ಕೊಂಡು ಹೋಗು. ಮನೆಗೆ ಹೋದ್ರೆ ಮತ್ತೆ ಬರೋಕಾಗಲ್ಲ ನನ್ನ ಕೈಲಿ."

ಅಗ್ನಿಶಾಮಕದ ಅಂಗಳದಲ್ಲಿ ಬಾದ್ರಿ ಬಿಸಿಲು ಕಾಯಿಸುತ್ತ, ಅಂಗೈಯಲ್ಲಿ ಅಕ್ರೋಟು ಒಡೆದು ತಿನ್ನುತ್ತಿದ್ದ. ನಮ್ಮನ್ನು ಕಂಡು ಕುರ್ಚಿ ತರಿಸಿದ. ಡೊಮೆಂಟಿ ಕೂರಲಿಲ್ಲ.

"ಮೇಷ್ಟ್ರೇ, ಕಾರು ತಂದಿದೀವಿ."

"ಯಾಕೆ, ಕೆಟ್ಟು ನಿಲ್ತಾ?"

"ಇಲ್ಲ. ಓಡಿಸೋಕೆ ಭಯ ಆಗತ್ತೆ ನಂಗೆ."

ಬಾದ್ರಿ ನಕ್ಕ. ಹುಡುಗರೂ ನಕ್ಕರು. "ಸರಿ, ಇಲ್ಲೇ ಇರಲಿ. ಭಾನುವಾರದ್ದು ಸಿದ್ಧ ಮಾಡ್ಕೊಂಡ್ರಾ?"

"ಅದೂ ಆಗಲ್ಲ ಮೇಷ್ಟ್ರೇ."

ಅಕ್ರೋಟು ಒಡೆಯುವ ಕೈ ನಿಂತಿತು. ಮೈಗೆ ಹುಷಾರಿಲ್ಲ ಎಂದು ಹೇಳಬೇಕೆಂದು ದಾರಿಯಲ್ಲಿ ಮಾತಾಡಿಕೊಂಡಿದ್ದೆವು. ಎದೆನೋವು, ಡಾಕ್ಟರು ಏಳಬೇಡ ಎಂದಿದ್ದಾರೆ ಎಂದು. ನಾನು ಆ ಮಾತಿಗೆ ಕಾದೆ. ಹೆದರಿದವನ ಬಾಯಿಗೆ ಸುಳ್ಳು ಬರಲು ಸ್ವಲ್ಪ ಸಮಾಧಾನವಾದರೂ ಬೇಕು. ಡೊಮೆಂಟಿಗೆ ಅದೂ ಉಳಿದಿರಲಿಲ್ಲ.

"ಅಲ್ಲಿ ಆಡಿದ್ರೆ ಅವ್ರು ನಗ್ತಾರೆ," ಎಂದ.

"ನಗಲಿ. ನಗೋಕೇ ತಾನೆ ಕಳಿಸ್ತಿರೋದು."

"ರಮಾಜನ್ನ ನೋಡಿ ಅಲ್ಲ ಮೇಷ್ಟ್ರೇ. ನಿಮ್ಮನ್ನ ನೋಡಿ ನಗ್ತಾರೆ. ಈ ಫೌಜುದಾರ ಬಾದ್ರಿ ಮೇಷ್ಟ್ರೇ ಅಂತಾರೆ."

ಹುಡುಗರ ಪೈಕಿ ಒಬ್ಬ ಬಂದೂಕಿನ ಪಟ್ಟಿಯನ್ನು ಭುಜದಿಂದ ಇಳಿಸಿದ.

"ಯಾಕೆ ಹಾಗಂತಾರೆ?" ಎಂದ ಬಾದ್ರಿ ಮೆಲ್ಲಗೆ.

ಡೊಮೆಂಟಿಯ ಕಣ್ಣು ಗೇಟಿನ ಬಳಿಯ ಬಿಳಿ ಕಾರಿನ ಕಡೆ ಹೋಯಿತು. ನನ್ನದೂ ಹೋಯಿತು. ಬಾದ್ರಿ ನಮ್ಮ ಕಣ್ಣು ಹೋದ ಕಡೆ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ.

"ನಿನ್ನೆ ಹಿಂದೆ ಕೂತಿದ್ದವರೂ ಹಾಗೇ ಅಂದ್ಕೊಂಡ್ರಾ?" ಎಂದ ಆಮೇಲೆ. "ನನ್ನ ಹತ್ರ ಓದಿದ ಮಕ್ಕಳು ಇದ್ರು ಅಲ್ಲಿ."

ಡೊಮೆಂಟಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿದ್ದ. ಬಾದ್ರಿಯ ಮುಖ ನಿಧಾನವಾಗಿ ಕೆಂಪಾಯಿತು. ಅದು ಸಿಟ್ಟೋ ನಾಚಿಕೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗೈಯಲ್ಲಿದ್ದ ಅಕ್ರೋಟಿನ ಸಿಪ್ಪೆಯನ್ನು ನೆಲಕ್ಕೆ ಉದುರಿಸಿ, "ಹೋಗಿ" ಎಂದ.

ಗೇಟು ದಾಟಿ ರಸ್ತೆಗಿಳಿದೆವು. ಬೆನ್ನಿನ ನಡುವೆ ಒಂದು ಜಾಗ ತಣ್ಣಗಾಗಿ ಅಲ್ಲೇ ಏನೋ ಬಂದು ತಾಗುತ್ತದೆ ಎಂದು ಕಾಯುತ್ತ ನಡೆದೆವು. ಡೊಮೆಂಟಿ ನನ್ನ ತೋಳು ಹಿಡಿದಿದ್ದ. ಮೂಲೆ ತಿರುಗಿದ ಮೇಲೆ ಚರ್ಚಿನ ಗೋಡೆಗೆ ಒರಗಿ ವಾಂತಿ ಮಾಡಿಕೊಂಡ.

ಅದೇ ಮಧ್ಯಾಹ್ನ ಹುಡುಗರು ಬಂದು ರಂಗಮಂದಿರಕ್ಕೆ ಬೀಗ ಹಾಕಿದರು. ರಿಪೇರಿ ಅಂತೆ, ಎಂದರು. ಸೌದೆಯನ್ನೂ ಒಯ್ದರು. ಡೊಮೆಂಟಿಗೆ ಏನೂ ಮಾಡಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ದಿನವಿಡೀ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ರಸ್ತೆಯಲ್ಲಿ ಕಾರಿನ ಸದ್ದಾದರೆ ಎದ್ದು ನಿಲ್ಲುತ್ತಿದ್ದ. ಕಾಲ ಬಳಿ ಒಂದು ಚೀಲ: ಉಣ್ಣೆಯ ಕಾಲುಚೀಲ, ಒಣಗಿಸಿದ ಬ್ರೆಡ್ಡು, ಸಾಬೂನು.

"ಬಿಚ್ಚಿಡೋ ಅಂದ್ರೆ ಕೇಳಲ್ಲ," ಎಂದು ಲಮಾರಾ ನನ್ನ ಹತ್ತಿರ ಹೇಳಿದಳು. "ಅವರಪ್ಪನ್ನ ಕರ್ಕೊಂಡು ಹೋದಾಗ ಕಾಲುಚೀಲ ಹಾಕ್ಕೊಳ್ಳೋಕೂ ಬಿಡ್ಲಿಲ್ಲವಂತೆ. ಅದನ್ನ ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಹೇಳ್ದ."

ಬಾದ್ರಿಯ ಮುಂದೆ ನಾವು ಆಡಿದ ಮಾತು ಊರಿಗೆ ಗೊತ್ತಾಗಿತ್ತು. ಯಾರೂ ಬಂದು ಬೆನ್ನು ತಟ್ಟಲಿಲ್ಲ. ಬ್ರೆಡ್ಡಿನ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವವರು ಒಂದು ಹೆಜ್ಜೆ ದೂರ ನಿಂತರು. ಡೊಮೆಂಟಿಯ ಮನೆಗೆ ಇಪ್ಪೊಲಿಟೆ ಒಬ್ಬನೇ ಬಂದು ಬೇಲಿಯ ಮೇಲಿಂದ ಒಂದು ಬಾಟಲಿ ಚಾಚಾ, ನಮ್ಮ ದ್ರಾಕ್ಷಿ ಸಾರಾಯಿ, ಇಳಿಸಿ ಮಾತಾಡದೆ ಹೋದ.

ಹೀಗೆ ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ದ್ರಾಕ್ಷಿ ಕೊಯ್ಯುವ ಕಾಲಕ್ಕೆ ಸೇತುವೆಯ ಮೇಲೆ ಗುಂಡಿನ ಕಾಳಗ ನಡೆದು, ರಾಜಧಾನಿಯ ಸೈನ್ಯ ಬಂದು, ಎರಡೂ ದಡದ ಹುಡುಗರು ಚದುರಿಹೋದರು. ರಮಾಜ ಗಡಿ ದಾಟಿದ ಎಂದರು. ಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಕ್ಕ ಬಾದ್ರಿಯ ಹೆಣವನ್ನು ತಂದು ಅವನ ತಾಯಿಯ ಊರಿನಲ್ಲಿ ಮಣ್ಣು ಮಾಡಿದರು. ಬಿಳಿ ಕಾರು ಇಟ್ಟಿಗೆ ಕಾರ್ಖಾನೆಯ ಹಿಂದೆ ಚಕ್ರಗಳಿಲ್ಲದೆ ಸಿಕ್ಕಿತು. ಇಪ್ಪೊಲಿಟೆ ಎತ್ತು ಕಟ್ಟಿ ಅದನ್ನು ಮನೆಗೆ ಎಳೆಸಿಕೊಂಡು ಹೋದ. ಅದು ಮತ್ತೆ ಓಡಲಿಲ್ಲ.

ನಾಜಿಬ್ರೋಲಾ ಬೀಗ ಒಡೆಸಿ ಮತ್ತೆ 'ಬೆಳ್ಳಿ ಹೂಜಿ' ಹಾಕಿದಳು. ಡೊಮೆಂಟಿ ಬೇಡವೆಂದ, ಅವಳು ಬಿಡಲಿಲ್ಲ. ಈ ಸಲ ಜನ ಕೊನೆಯವರೆಗೂ ನಕ್ಕರು, ಅರ್ಧಕ್ಕೆ ನಿಲ್ಲಿಸಿ ಯಾರ ಮುಖವನ್ನೂ ನೋಡಲಿಲ್ಲ.

ಕೆಲವು ಆಟಗಳಾದ ಮೇಲೆ ಒಂದು ಮಧ್ಯಾಹ್ನ ಕರಿ ಬಟ್ಟೆಯ ಸಣ್ಣ ಮುದುಕಿಯೊಬ್ಬಳು ಬಾಗಿಲ ಬಳಿ ನಿಂತಿದ್ದಳು. ತಲೆಗೆ ಕರಿ ವಸ್ತ್ರ, ಕೈಯಲ್ಲಿ ಚೆನ್ನಾಗಿ ಸೀಳಿದ ಓಕ್ ಸೌದೆ. ಟಿಕೆಟ್ಟಿಗೆ ಈಗ ಸೌದೆ ಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಾದ್ರಿಯ ತಾಯಿ ಎಂದು ಯಾರೋ ಗುರುತು ಹಿಡಿದರು. ಜನ ಅವಳ ಸುತ್ತ ಜಾಗ ಬಿಟ್ಟು ನಿಂತರು. ಅವಳನ್ನು ಒಳಗೆ ಬಿಡಬಾರದು ಎಂದರು ಕೆಲವರು. ನಾಜಿಬ್ರೋಲಾಳಿಗೇ ಏನು ಮಾಡುವುದೆಂದು ತೋಚಲಿಲ್ಲ. ಅರ್ಧ ಬಣ್ಣ ಹಚ್ಚಿಕೊಂಡಿದ್ದ ಡೊಮೆಂಟಿ ಹೊರಗೆ ಬಂದ, ಸೌದೆ ಇಸಿದುಕೊಂಡ, ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಗೋಡೆ ಬದಿಯ ಕುರ್ಚಿಯಲ್ಲಿ ಕೂರಿಸಿದ.

ಅವಳು ಆಟದುದ್ದಕ್ಕೂ ಬಾಯಿಗೆ ತಲೆವಸ್ತ್ರದ ಅಂಚು ಅಡ್ಡ ಹಿಡಿದು ಕೂತಿದ್ದಳು. ಮುಗಿದ ಮೇಲೆ ಬಣ್ಣದ ಕೋಣೆಯ ಬಾಗಿಲಿಗೆ ಬಂದಳು. ಡೊಮೆಂಟಿ ಎದ್ದು ನಿಂತ, ಮೀಸೆ ಕಿತ್ತು ಕೈಯಲ್ಲಿ ಹಿಡಿದುಕೊಂಡ.

"ನನ್ನ ಮಗ ಈ ನಾಟಕ ನೋಡಿದ್ನಂತಲ್ಲಪ್ಪ," ಎಂದಳು. "ತುಂಬಾ ನಕ್ನಂತೆ. ಹೌದಾ?"

"ಹೌದಮ್ಮ. ಕಣ್ಣಲ್ಲಿ ನೀರು ಬರೋವರೆಗೂ ನಕ್ರು."

"ಚಿಕ್ಕವನಿದ್ದಾಗ ನಗ್ತಿದ್ದ. ಆಮೇಲೆ ನಾನು ನೋಡಿದ್ದೇ ಇಲ್ಲ." ಅವಳು ಅವನ ಕೈಯಲ್ಲಿದ್ದ ಮೀಸೆಯನ್ನು ನೋಡುತ್ತ ನಿಂತಳು. "ಯಾವ ಜಾಗದಲ್ಲಿ ನಕ್ಕ?"

ಡೊಮೆಂಟಿ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಮುದುಕಿಗೆ ಕುರ್ಚಿ ಎಳೆದು ಕೊಟ್ಟು, ತಾನೂ ಅವಳ ಎದುರಿಗೆ ಕೂತ.

"ವರ ಬಂದು ಕಡುಬಿನ ತಟ್ಟೆ ಮೇಲೆ ಕೂತ್ಕೊಳ್ತಾನಲ್ಲಮ್ಮ," ಎಂದ, "ಆ ಜಾಗದಲ್ಲಿ."